ಮಾಗಿಯ ಚಳಿಯೂ ಟ್ರ್ಯಾಕ್ಟರಿನ ಗೇರ್ ಎಣ್ಣೆಯೂ

ಹಳೇಬೀಡಿಗೆ ಸಮೀಪದ ಹುಲಿಕೆರೆಯಲ್ಲಿಯೂ ಅದರ ಸುತ್ತಣ ಗ್ರಾಮಗಳಲ್ಲಿಯೂ ಮಾರ್ಗಶಿರ ಪುಷ್ಯ ಮಾಸಗಳು ರಾಗಿಯ ಕೊಯ್ಲು ಮುಗಿದು ಕಣದ ಕೆಲಸ ನಡೆಯತಕ್ಕ ಕಾಲ. ಮೆದೆಯಿಂದ ಕಣಕ್ಕೆ ತೆನೆ ಸಾಗಬೇಕು. ಒಕ್ಕಣೆಯ ಯಂತ್ರ ತಿರುಗಬೇಕು. ಕಾಳು ಮನೆಗೂ ಮನೆಯಿಂದ ಪೇಟೆಗೂ ಹೋಗಬೇಕು. ತೆಂಗಿನ ತೋಟವುಳ್ಳವರು ಅರಸೀಕೆರೆಯ ಮಾರುಕಟ್ಟೆಗೆ ಕೊಬ್ಬರಿಯ ಮೂಟೆಗಳನ್ನು ಕಳುಹಿಸಬೇಕು. ಹಿಂದೆ ಎತ್ತಿನ ಗಾಡಿಯಿಂದಲೂ ರೋಣಗಲ್ಲಿನಿಂದಲೂ ನಡೆಯುತ್ತಿದ್ದ ಈ ಕಾರ್ಯಗಳೆಲ್ಲವೂ ಈಗ ಬಹುಮಟ್ಟಿಗೆ ಟ್ರ್ಯಾಕ್ಟರನ್ನೇ ನಂಬಿಕೊಂಡಿವೆ. ಇಂತಹ ಸಮಯದಲ್ಲಿಯೇ, ಇಬ್ಬನಿ ಆರುವುದಕ್ಕೆ ಮುಂಚೆ ಯಂತ್ರವನ್ನು ಹೊರಡಿಸಲು ಹೋದ ಡ್ರೈವರಿಗೆ ಗೇರ್ ಬೀಳುವುದಿಲ್ಲ. ಬಿದ್ದರೂ ಕರಕರ ಶಬ್ದದೊಡನೆ ಬೀಳುವುದು. ಹಿಂದಣ ಲಿಫ್ಟು ಮೇಲೇಳಲು ತಡಮಾಡುವುದು. ಜಗುಲಿಯ ಮೇಲೆ ಕಂಬಳಿ ಹೊದ್ದು ಕುಳಿತ ಯಜಮಾನರಿಗೆ ಆ ಶಬ್ದ ಕೇಳಿಸುವುದು. ಡ್ರೈವರಿಗೆ ಬೈಗುಳವಾಗುವುದು.

ಅನಂತರ ಸಲಹೆಗಳು ಆರಂಭವಾಗುತ್ತವೆ. ಚಳಿಗೆ ಎಣ್ಣೆ ಗಟ್ಟಿಯಾಗಿದೆ, ತೆಳುವಾದುದನ್ನು ಹಾಕಿಸಬೇಕೆಂದು ಒಬ್ಬರು ಹೇಳುತ್ತಾರೆ. ಶಬ್ದ ಬರುತ್ತಿರುವುದರಿಂದ ಇನ್ನೂ ಮಂದವಾದುದನ್ನು ಹಾಕಿಸಬೇಕೆಂದು ಮತ್ತೊಬ್ಬರು ವಾದಿಸುತ್ತಾರೆ. ಒಂದೆರಡು ಲೋಟ ಸೀಮೆಎಣ್ಣೆ ಬೆರೆಸಿದರೆ ಸಾಕೆಂಬ ಮೂರನೆಯವರೂ ಇಲ್ಲದಿಲ್ಲ. ಈ ಮೂರು ಸಲಹೆಗಳೂ ತಪ್ಪೆಂಬುದನ್ನೂ, ಹುಲಿಕೆರೆಯಂತಹ ಸೀಮೆಯಲ್ಲಿ ಚಳಿಗಾಲಕ್ಕೆಂದು ಪ್ರತ್ಯೇಕವಾದ ಗೇರ್ ಎಣ್ಣೆಯ ಅಗತ್ಯವೇ ಇಲ್ಲವೆಂಬುದನ್ನೂ, ವರ್ಷವೆಲ್ಲವೂ ಇರತಕ್ಕ ಎಣ್ಣೆಯನ್ನು ಸರಿಯಾಗಿ ಆರಿಸುವ ಹೊಣೆಯು ಯಂತ್ರದ ಒಡೆಯರದೇ ಹೊರತು ಡ್ರೈವರಿನದಲ್ಲವೆಂಬುದನ್ನೂ ಗ್ರಾಮದ ಮುಖಂಡರೂ ಜಮೀನುದಾರರೂ ಮನಗಾಣುವುದು ಅವಶ್ಯವಾಗಿದೆ.

ಮೊದಲು ಚಳಿಯ ಪ್ರಮಾಣವನ್ನು ನೋಡಬೇಕು. ಬೇಲೂರು ಹಳೇಬೀಡು ಪ್ರಾಂತವು ಸಮುದ್ರಮಟ್ಟಕ್ಕೆ ಸುಮಾರು ೯೦೦ ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿಯ ಮಾಗಿ ಬಯಲುಸೀಮೆಯ ಇತರ ಭಾಗಗಳಿಗಿಂತ ಸ್ವಲ್ಪ ಬಿರುಸು. ಡಿಸೆಂಬರು ಜನವರಿಗಳ ಕೆಲವು ಬೆಳಗಿನ ಜಾವಗಳಲ್ಲಿ ಉಷ್ಣತೆಯು ಸೆಂಟಿಗ್ರೇಡಿನ ೧೦ ಅಥವಾ ೧೨ ಡಿಗ್ರಿಗೆ ಇಳಿಯುವುದುಂಟು. ಮನುಷ್ಯನಿಗೂ ದನಕರುಗಳಿಗೂ ಇದು ಚಳಿಯೇ ಸರಿ. ಆದರೆ ಕಲ್ಲೆಣ್ಣೆಯಿಂದ ತೆಗೆದ ಯಂತ್ರದ ಎಣ್ಣೆಗಳಿಗೆ ಇದೊಂದು ಚಳಿಯೇ ಅಲ್ಲ.

ಇಲ್ಲಿಯ ಜನರಿಗೆ ಈ ಮಾತನ್ನು ನಂಬುವುದು ಕಷ್ಟವಾಗಿರುವುದಕ್ಕೆ ಒಂದು ಸಕಾರಣವಿದೆ. ತೆಂಗಿನ ಸೀಮೆಯಾದ ಅರಸೀಕೆರೆ ಬೇಲೂರುಗಳ ಮನೆಮನೆಗಳಲ್ಲಿ ಮಾಗಿ ಬಂತೆಂದರೆ ಕೊಬ್ಬರಿ ಎಣ್ಣೆಯು ಸೀಸೆಯಲ್ಲಿ ಬೆಳ್ಳಗೆ ಹೆಪ್ಪುಗಟ್ಟುವುದು. ಒಲೆಯ ಬಳಿಯೋ ಬಿಸಿಲಿನಲ್ಲಿಯೋ ಇಟ್ಟ ಹೊರತು ಹನಿಯೂ ಇಳಿಯುವುದಿಲ್ಲ. ಕಣ್ಣಾರೆ ಕಂಡ ಈ ಎಣ್ಣೆಯ ಗುಣವನ್ನು ಕಾಣದ ಎಣ್ಣೆಗೂ ಆರೋಪಿಸುವುದು ಸಹಜವಾಗಿದೆ. ವಾಸ್ತವವಾಗಿ ಕೊಬ್ಬರಿ ಎಣ್ಣೆಯು ಸುಮಾರು ೨೪ ಡಿಗ್ರಿಯಲ್ಲಿಯೇ ಗಟ್ಟಿಯಾಗತಕ್ಕ ಸ್ವಭಾವದ್ದು. ಗೇರ್ ಎಣ್ಣೆಯು ಹಾಗಲ್ಲ. ಅದು ನೀರು ಮಂಜುಗಡ್ಡೆಯಾಗುವ ಮಟ್ಟಕ್ಕಿಂತ ಕೆಳಗೆ ಹೋದರೂ ಹರಿಯುವುದನ್ನು ಬಿಡುವುದಿಲ್ಲ. ಅದು ಹೆಪ್ಪುಗಟ್ಟುವುದಿಲ್ಲ, ಮಂದವಾಗುವುದು ಮಾತ್ರ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದ ಹಿರಿಯರಿಗೆ ಈ ವ್ಯತ್ಯಾಸವು ಕೂಡಲೆ ಅರ್ಥವಾಗುವುದು: ಹರಳೆಣ್ಣೆಯು ಚಳಿಯಲ್ಲಿ ಎಳೆಎಳೆಯಾಗಿ ನಿಧಾನವಾಗಿ ಇಳಿಯುವುದಾದರೂ ಕೊಬ್ಬರಿ ಎಣ್ಣೆಯಂತೆ ಕಲ್ಲಾಗುವುದಿಲ್ಲ.

ಇನ್ನು ಡಬ್ಬದ ಮೇಲಣ ಅಂಕಿಗಳ ವಿಚಾರ. ಎಣ್ಣೆಯ ಮಂದತನವನ್ನು ತಿಳಿಸಲು ಎಸ್.ಎ.ಇ. ಎಂಬ ಅಮೆರಿಕದ ಇಂಜಿನಿಯರುಗಳ ಸಂಘವು ಗೊತ್ತುಮಾಡಿರುವ ಅಂಕಿಗಳೇ ಲೋಕದಲ್ಲೆಲ್ಲ ನಡೆಯುತ್ತಿವೆ. ಇದರಲ್ಲಿ ಇಂಜಿನ್ ಎಣ್ಣೆಗೆ ಒಂದು ಅಳತೆ, ಗೇರ್ ಎಣ್ಣೆಗೆ ಬೇರೊಂದು ಅಳತೆ. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಎಷ್ಟೋ ತಪ್ಪುಗಳು ಹುಟ್ಟಿವೆ. ೪೦ನೆಯ ಅಂಕಿಯ ಇಂಜಿನ್ ಎಣ್ಣೆಗಿಂತ ೯೦ನೆಯ ಅಂಕಿಯ ಗೇರ್ ಎಣ್ಣೆಯು ಎರಡು ಪಟ್ಟಿಗೂ ಮೀರಿ ಮಂದವೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಹಾಗಿಲ್ಲ. ನೂರು ಡಿಗ್ರಿಯ ಬಿಸಿಯಲ್ಲಿ ಅಳೆದರೆ ಗೇರ್ ಎಣ್ಣೆಯ ೯೦ ಎಂಬುದು ೧೩.೫ರಿಂದ ೧೮.೫ರ ವರೆಗಿನ ಮಂದತೆಯನ್ನು ಸೂಚಿಸುವುದು. ಇಂಜಿನ್ ಎಣ್ಣೆಯ ೪೦ ಎಂಬುದು ೧೨.೫ರಿಂದ ೧೬.೩ರ ವರೆಗೆ, ೫೦ ಎಂಬುದು ೧೬.೩ರಿಂದ ೨೧.೯ರ ವರೆಗೆ. (ಈ ಮಾನಕ್ಕೆ ಸೆಂಟಿಸ್ಟೋಕ್ಸ್ ಎಂದು ಹೆಸರು.) ಅಂದರೆ ಬಿಸಿಯಾದ ಮೇಲೆ ಮೂರೂ ಹೆಚ್ಚುಕಡಿಮೆ ಒಂದೇ ಸಮನಾದವು. ಸೇರಿನ ಲೆಕ್ಕವನ್ನು ಲೀಟರಿನ ಲೆಕ್ಕದೊಡನೆ ಬೆರೆಸಿ ವ್ಯಾಪಾರ ಮಾಡಿದವನಿಗೆ ಆಗುವ ನಷ್ಟವೇ ಇಲ್ಲಿಯೂ ಆಗುವುದು.

ಅಂಕಿಯ ಪಕ್ಕದಲ್ಲಿ ಕಾಣುವ ಡಬ್ಲ್ಯು ಎಂಬ ಅಕ್ಷರವು ಚಳಿಗಾಲದ ಗುರುತು. ೮೦ ಡಬ್ಲ್ಯು ೯೦ ಎಂದು ಬರೆದಿದ್ದರೆ, ಅದು ಬಿಸಿಯಲ್ಲಿ ೯೦ರ ಮಂದತನವನ್ನು ಉಳಿಸಿಕೊಂಡು ಚಳಿಯಲ್ಲಿ ೮೦ ಡಬ್ಲ್ಯುವಿನ ಪರೀಕ್ಷೆಯನ್ನು ಗೆದ್ದುದೆಂದು ಅರ್ಥ. ಆ ಪರೀಕ್ಷೆ ನಡೆಯುವುದು ಯಾವ ಚಳಿಯಲ್ಲಿ? ಸೊನ್ನೆಗಿಂತ ೨೬ ಡಿಗ್ರಿ ಕೆಳಗೆ. ೮೫ ಡಬ್ಲ್ಯುವಿನ ಪರೀಕ್ಷೆಯು ಸೊನ್ನೆಗಿಂತ ೧೨ ಡಿಗ್ರಿ ಕೆಳಗೆ. ೭೫ ಡಬ್ಲ್ಯುವಿನದು ೪೦ ಡಿಗ್ರಿ ಕೆಳಗೆ. ಲಡಾಕಿನ ದ್ರಾಸ್ ಎಂಬಲ್ಲಿ ಚಳಿಗಾಲದ ರಾತ್ರಿಗಳು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಕೆನಡಾ ದೇಶದ ವಿನ್ನಿಪೆಗ್ ಮುಂತಾದ ನಗರಗಳಲ್ಲಿ ಮೂವತ್ತು ಡಿಗ್ರಿ ಕೆಳಗೂ ಹೋಗುವುದು. ಅಂತಹ ಸ್ಥಳಗಳಲ್ಲಿ ಗೇರಿನ ಹಲ್ಲುಗಳು ಎಣ್ಣೆಯಲ್ಲಿ ನೇಗಿಲ ಸಾಲಿನಂತೆ ಒಂದು ಗೆರೆಯನ್ನು ಕೊರೆದುಕೊಂಡು ಬರಿದೆ ತಿರುಗುವುವು. ಎಣ್ಣೆಯು ಸಾಲನ್ನು ಮುಚ್ಚಿಕೊಂಡು ಹಲ್ಲುಗಳ ಮೇಲಕ್ಕೆ ಬರುವಷ್ಟು ಹರಿಯಲಾರದು. ಅಲ್ಲಿ ೭೫ ಡಬ್ಲ್ಯು ಅಂಕಿಯ ಎಣ್ಣೆಯನ್ನು ಹುಡುಕುವುದು ನ್ಯಾಯ. ಆ ದೇಶಗಳಿಗೆ ಹೋಗಿ ನೆಲೆಸಿದ ಮಕ್ಕಳು ಊರಿಗೆ ಬಂದಾಗಲೋ ದೂರವಾಣಿಯಲ್ಲಿಯೋ ಕೊಡುವ ಇಂತಹ ಸಲಹೆಯು ಸದುದ್ದೇಶದ್ದೇ ಆದರೂ ಅದು ಅವರ ಊರಿಗೆ ಸಲ್ಲುವುದು, ಹುಲಿಕೆರೆಗಲ್ಲ. ಬೆಲೆಯೂ ಹೆಚ್ಚಾದ ಅದನ್ನು ಇಲ್ಲಿ ತರಿಸುವುದು ಹೊಯ್ಸಳರ ಕಲ್ಯಾಣಿಯಲ್ಲಿ ಸ್ನಾನ ಮಾಡಲು ಹಡಗನ್ನು ಕೊಂಡಂತಾಗುವುದು.

ಹಾಗಾದರೆ ಬೆಳಗಿನ ಹೊತ್ತು ಗೇರಿನ ಕೋಲು ಬಿಗಿಯಾಗುವುದು ಸುಳ್ಳೆ? ಸುಳ್ಳಲ್ಲ. ೮೦ ಡಬ್ಲ್ಯು ೯೦ರ ಸಾಧಾರಣ ಎಣ್ಣೆಯೊಂದು ೪೦ ಡಿಗ್ರಿಯಲ್ಲಿರುವುದಕ್ಕಿಂತ ೧೦ ಡಿಗ್ರಿಯಲ್ಲಿ ಸುಮಾರು ಏಳೆಂಟು ಪಟ್ಟು ಮಂದವಾಗಿರುವುದು. ಜೀಪು, ಹಾಲಿನ ವಾಹನ ಮುಂತಾದವುಗಳ ಗೇರ್ ಬಾಕ್ಸಿನಲ್ಲಿ ಹಿತ್ತಾಳೆಯ ಬಳೆಗಳಿವೆ. ೧೯೨೮ರಲ್ಲಿ ಕ್ಯಾಡಿಲಾಕ್ ಮೋಟಾರುಗಳಲ್ಲಿ ಮೊದಲು ಬಳಕೆಗೆ ಬಂದ ಏರ್ಪಾಡಿನಿಂದ ಬೆಳೆದುಬಂದ ಇವು ಕೂಡತಕ್ಕ ಎರಡು ಗೇರುಗಳ ವೇಗವನ್ನು ಮೊದಲು ಸಮಗೊಳಿಸಿ ಆಮೇಲೆ ಕೂಡಿಸುವುವು. ಬಳೆಯು ತನ್ನ ಮುಂದಿರುವ ಎಣ್ಣೆಯ ಪೊರೆಯನ್ನು ಒರೆಸಿ ಹಾಕಿ ಲೋಹಕ್ಕೆ ಲೋಹವನ್ನು ತಾಗಿಸಿದರಲ್ಲವೆ ವೇಗವು ಸಮವಾಗುವುದು? ಎಣ್ಣೆಯು ಮಂದವಾಗಿದ್ದಾಗ ಆ ಒರೆಸುವ ಕೆಲಸಕ್ಕೆ ಕ್ಷಣಕಾಲ ಹೆಚ್ಚು ಬೇಕು. ಅಷ್ಟನ್ನು ಕೊಡದೆ ಕೋಲನ್ನು ದಬ್ಬಿದರೆ ಕರಕರವೆನ್ನುವುದು. ಮೂರು ನಾಲ್ಕು ಮೈಲಿ ನಡೆದ ಮೇಲೆ ಆ ವಾಹನವೇ ಬೆಣ್ಣೆಯಂತೆ ಗೇರ್ ತೆಗೆದುಕೊಳ್ಳುವುದನ್ನು ಎಲ್ಲರೂ ಕಂಡಿದ್ದಾರೆ.

ಟ್ರ್ಯಾಕ್ಟರಿನ ವಿಷಯ ಸ್ವಲ್ಪ ಬೇರೆ. ಹಲವು ಟ್ರ್ಯಾಕ್ಟರುಗಳಲ್ಲಿ ಈ ಬಳೆಗಳೇ ಇರುವುದಿಲ್ಲ. ಯಂತ್ರವನ್ನು ನಿಲ್ಲಿಸಿಯೇ ಗೇರ್ ಬದಲಾಯಿಸಬೇಕು. ಅಂತಹವುಗಳಲ್ಲಿ ನಿಂತಲ್ಲಿಯೇ ಮೊದಲನೆಯ ಗೇರ್ ಹಾಕುವಾಗ ಶಬ್ದವು ಬಂದರೆ, ಅದರಲ್ಲಿಯೂ ಬಿಸಿಲೇರಿದ ಮಧ್ಯಾಹ್ನದಲ್ಲಿಯೂ ಬರುತ್ತಿದ್ದರೆ, ದೋಷವು ಎಣ್ಣೆಯದಲ್ಲ, ಬಹುಶಃ ಕ್ಲಚ್ಚಿನದು. ತುಳಿದ ಕ್ಲಚ್ಚು ಪೂರ್ತಿಯಾಗಿ ಬಿಡುತ್ತಿಲ್ಲವಾದ್ದರಿಂದ ಒಳಗಣ ಗೇರು ತಿರುಗುತ್ತಲೇ ಇರುವುದು; ತಿರುಗುತ್ತಿರುವುದಕ್ಕೆ ನಿಂತಿರುವುದು ಕೂಡುವುದಿಲ್ಲ. ಇದು ಪೆಡಲಿನ ಆಟವನ್ನು ಸರಿಪಡಿಸಿದರೆ ಹೋಗುವ ದೋಷ. ಇದಕ್ಕಾಗಿ ಗೇರ್ ಬಾಕ್ಸಿನ ಎಣ್ಣೆಯನ್ನೆಲ್ಲ ಇಳಿಸಿ ಮಂದವಾದುದನ್ನು ತುಂಬಿಸಿದ ಒಡೆಯರು ಹಣವನ್ನು ಕಳೆದುಕೊಂಡುದಲ್ಲದೆ ಬೆಳಗಿನ ಬಿಗಿತವನ್ನೂ ಹೆಚ್ಚಿಸಿಕೊಂಡಂತಾಯಿತು. ಏಕೆಂದರೆ ೧೪೦ನೆಯ ಅಂಕಿಯ ಎಣ್ಣೆಯು ೧೦ ಡಿಗ್ರಿಯ ಚಳಿಯಲ್ಲಿ ೮೦ ಡಬ್ಲ್ಯು ೯೦ರ ಎಣ್ಣೆಗಿಂತ ಸುಮಾರು ನಾಲ್ಕು ಪಟ್ಟು ಮಂದವಾಗಿರುವುದು. ತಯಾರಕರೇ ೧೪೦ ಬೇಕೆಂದು ಬರೆದಿರುವ ಯಂತ್ರಗಳ ಮಾತು ಬೇರೆ. ಶಬ್ದವನ್ನು ಅಡಗಿಸುವುದಕ್ಕೆಂದು ಅದನ್ನು ಹಾಕುವುದು, ಸೋರುವ ಮಾಳಿಗೆಯ ಕೆಳಗೆ ಪಾತ್ರೆಯನ್ನು ಇಟ್ಟು ಮಳೆ ನಿಂತಿತೆಂದು ಹೇಳುವಂತಹದು.

ಲಿಫ್ಟು ತಡಮಾಡುವುದೇಕೆಂಬುದಕ್ಕೂ ಉತ್ತರವುಂಟು. ಹ್ಯಾರಿ ಫರ್ಗ್ಯುಸನ್ ಎಂಬ ಐರ್ಲೆಂಡಿನ ಇಂಜಿನಿಯರು ನೇಗಿಲನ್ನು ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಏರ್ಪಾಡನ್ನು ಟ್ರ್ಯಾಕ್ಟರಿನೊಳಕ್ಕೇ ಸೇರಿಸಿದನು. ೧೯೪೬ರಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಆತನ ಟ್ರ್ಯಾಕ್ಟರಿನಲ್ಲಿ ಲಿಫ್ಟಿನ ಪಂಪು ಗೇರುಗಳಿರುವ ಅದೇ ಎಣ್ಣೆಯಲ್ಲಿಯೇ ಮುಳುಗಿರುತ್ತಿತ್ತು. ಗೇರಿಗೂ ಲಿಫ್ಟಿಗೂ ಒಂದೇ ಎಣ್ಣೆಯೆಂಬ ಈ ಕ್ರಮವು ಅಲ್ಲಿಂದ ಹಬ್ಬಿ ಇಂದಿನ ಅನೇಕ ಟ್ರ್ಯಾಕ್ಟರುಗಳಲ್ಲಿ ಕಾಣುವುದು. ಅದಕ್ಕೆ ಮೇಲಾಗಿ ಈಚಿನ ಟ್ರ್ಯಾಕ್ಟರುಗಳಲ್ಲಿ ಬ್ರೇಕಿನ ಬಿಲ್ಲೆಗಳೂ ಎಣ್ಣೆಯಲ್ಲಿಯೇ ಮುಳುಗಿರುತ್ತವೆ. ಹೀಗೆ ಒಂದೇ ಎಣ್ಣೆಯು ಗೇರಿನ ಹಲ್ಲುಗಳನ್ನು ಕಾಪಾಡಬೇಕು, ಪಂಪಿನ ಕಿರಿದಾದ ದಾರಿಗಳಲ್ಲಿ ಹರಿದು ಭಾರವನ್ನೆತ್ತಬೇಕು, ಬ್ರೇಕನ್ನು ತಂಪಾಗಿಟ್ಟೂ ಜಾರಿಸದೆ ಇರಬೇಕು. ಒಬ್ಬನೇ ಆಳು ಮೂರು ಮನೆಯ ಕೆಲಸವನ್ನು ಮಾಡುವಂತೆ ಇದರ ಸ್ಥಿತಿ.

ಹುಲಿಕೆರೆಯ ಯಂತ್ರಗಳಿಗೆ ನಿಜವಾದ ಅಪಾಯವಿರುವುದು ಇಲ್ಲಿಯೇ, ಚಳಿಯಲ್ಲಲ್ಲ. ಇಂತಹ ಮೂರು ಕೆಲಸದ ಯಂತ್ರಕ್ಕೆಂದು ಟ್ರ್ಯಾಕ್ಟರಿನ ಸರ್ವೋಪಯೋಗಿ ಎಣ್ಣೆಯೆಂಬ ಬೇರೆಯ ಜಾತಿಯೇ ಇದೆ; ಅಂಗಡಿಗಳಲ್ಲಿ ಯು.ಟಿ.ಟಿ.ಓ. ಎಂದೂ, ಮುಳುಗು ಬ್ರೇಕಿನ ಎಣ್ಣೆ ಎಂದೂ ಕೇಳಬಹುದು. ಇದು ಬರಿಯ ಗೇರ್ ಎಣ್ಣೆಗಿಂತ ತೆಳು. ೧೦ ಡಿಗ್ರಿಯ ಚಳಿಯಲ್ಲಿ ೮೦ ಡಬ್ಲ್ಯು ೯೦ರ ಮೂರರಲ್ಲೊಂದರಷ್ಟು ಮಂದತೆಯೂ ಇದಕ್ಕೆ ಕಷ್ಟವೇ. ಇದರ ತೆಳ್ಳನೆಯ ರೂಪವನ್ನು ಕಂಡು ಸಾರವಿಲ್ಲದ್ದೆಂದು ಬಗೆದು, ಮಂದವಾಗಿ ಜಿಗುಟಾಗಿರುವ ಗೇರ್ ಎಣ್ಣೆಯನ್ನು ಸುರಿಸುವ ಒಡೆಯರಿದ್ದಾರೆ. ಆಗ ಏನಾಗುವುದೆಂದರೆ, ಬೆಳಿಗ್ಗೆ ಲಿಫ್ಟು ಏಳುವುದಿಲ್ಲ. ಬ್ರೇಕು ಹಿಡಿಯುವಾಗ ಕಿರುಚಿ ನಡುಗುವುದು. ಬಿಲ್ಲೆಗಳ ಮೇಲಣ ಪಟ್ಟಿಯು ಕಾಲಕ್ಕೆ ಮುಂಚೆ ಹಾಳಾಗುವುದು. ಮೂಟೆ ಹೇರಿದ ಟ್ರೇಲರನ್ನು ಎಳೆದುಕೊಂಡು ಇಳಿಜಾರಿನಲ್ಲಿ ಬರುವ ಡ್ರೈವರಿಗೆ ಇದರ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಇದರ ಜೊತೆಗೆ ಜಿ.ಎಲ್. ಎಂಬ ಇನ್ನೊಂದು ಗುರುತನ್ನೂ ನೋಡತಕ್ಕದ್ದು. ಹಲ್ಲುಗಳ ಮೇಲಣ ಒತ್ತಡವನ್ನು ತಡೆಯಲು ಎಣ್ಣೆಗೆ ಗಂಧಕ ರಂಜಕಗಳಿಂದ ಕೂಡಿದ ದ್ರವ್ಯಗಳನ್ನು ಸೇರಿಸುತ್ತಾರೆ. ಜಿ.ಎಲ್. ೪ ಎಂಬುದರಲ್ಲಿ ಅದು ಹಿತಮಿತವಾಗಿರುವುದು. ಹಿಂದಿನ ಅಚ್ಚಿನ ಓರೆಗೇರುಗಳಿಗಾಗಿ ಮಾಡಿದ ಜಿ.ಎಲ್. ೫ರಲ್ಲಿ ಸ್ಥೂಲವಾಗಿ ಅದರ ಇಮ್ಮಡಿ. ಅಂಕಿ ದೊಡ್ಡದಾದುದರಿಂದ ಗುಣವೂ ದೊಡ್ಡದೆಂದು ತಿಳಿದು ೫ನ್ನೇ ಎಲ್ಲೆಡೆಗೂ ಹಾಕುವ ಪದ್ಧತಿ ಬೆಳೆದಿದೆ. ಆ ಗಂಧಕವು ಉಕ್ಕಿಗೆ ಕವಚವಾದರೂ ತಾಮ್ರ ಹಿತ್ತಾಳೆಗಳನ್ನು ಸವೆಯಿಸಬಲ್ಲದು. ಮೇಲೆ ಹೇಳಿದ ಹಿತ್ತಾಳೆಯ ಬಳೆಗಳಿಗೆ ಬೇಕಾದ ಹಿಡಿತವನ್ನೂ ತಪ್ಪಿಸಬಲ್ಲದು. ಈಚಿನ ಕೆಲವು ಎಣ್ಣೆಗಳಲ್ಲಿ ಈ ದೋಷವನ್ನು ತಗ್ಗಿಸಿರುವರಾದರೂ, ತಯಾರಕರ ಪುಸ್ತಕದಲ್ಲಿ ೪ ಎಂದಿರುವಾಗ ೫ನ್ನು ಹಾಕುವುದರಿಂದ ಯಾವ ಲಾಭವೂ ಇಲ್ಲ. ಹೊಲಕ್ಕೆ ಗೊಬ್ಬರವು ಹಿತವೆಂದು ಎರಡರಷ್ಟು ಸುರಿದು ಪೈರನ್ನು ಮಲಗಿಸಿಕೊಂಡ ಬೇಸಾಯಗಾರರಿಗೆ ಈ ನ್ಯಾಯವು ಹೊಸದಲ್ಲ.

ಆ ಪುಸ್ತಕವೆಲ್ಲಿ ಎಂಬುದೇ ಪ್ರಶ್ನೆ. ಟ್ರ್ಯಾಕ್ಟರನ್ನು ಕೊಂಡ ದಿನ ಅದು ಪೂಜೆಯಾಗಿ, ಸಾಲದ ಕಾಗದಗಳೊಡನೆಯೂ ಪಹಣಿಗಳೊಡನೆಯೂ ಕಬ್ಬಿಣದ ಪೆಟ್ಟಿಗೆಯನ್ನು ಸೇರುವುದು. ಯಂತ್ರವನ್ನು ನಡೆಸುವವನು ಅದನ್ನು ಕಂಡೇ ಇರುವುದಿಲ್ಲ. ಯಾವ ಭಾಗಕ್ಕೆ ಯಾವ ಜಾತಿಯ ಎಣ್ಣೆ, ಎಷ್ಟು ಲೀಟರು, ಎಷ್ಟು ಗಂಟೆಗಳ ಕೆಲಸದ ಮೇಲೆ ಬದಲಾಯಿಸಬೇಕು ಎಂಬ ಮೂರು ಸಂಗತಿಗಳೂ ಅದರ ಒಂದು ಪುಟದಲ್ಲಿವೆ. ಆ ಒಂದು ಪುಟವನ್ನು ಬಲ್ಲವರಿಂದ ಕನ್ನಡದಲ್ಲಿ ಬರೆಯಿಸಿ ಯಂತ್ರ ನಿಲ್ಲುವ ಕೊಟ್ಟಿಗೆಯ ಗೋಡೆಗೆ ಅಂಟಿಸುವುದು ಒಂದು ಗಳಿಗೆಯ ಕೆಲಸ. ಮೆಕ್ಯಾನಿಕ್ಕಿನ ಬಾಯಿಮಾತಿಗಿಂತಲೂ ಅಂಗಡಿಯವರ ಶಿಫಾರಸಿಗಿಂತಲೂ ಆ ಪುಟವೇ ಪ್ರಮಾಣವೆಂದು ಇಟ್ಟುಕೊಳ್ಳತಕ್ಕದ್ದು. ಅದರಲ್ಲಿ ಬೇಸಗೆಗೊಂದು ಚಳಿಗೊಂದು ಅಂಕಿಯನ್ನು ಬರೆದಿದ್ದರೆ, ಅಲ್ಲಿ ಸೂಚಿಸಿರುವ ಉಷ್ಣತೆಯ ಗಡಿಯನ್ನು ಓದಿ ನೋಡಬೇಕು. ಹುಲಿಕೆರೆಯ ಮಾಗಿಯು ಬಹುತೇಕ ಅದರ ಬೆಚ್ಚನೆಯ ಪಂಕ್ತಿಯಲ್ಲಿಯೇ ಬೀಳುವುದು.

ಚಳಿಗೆ ನಿಜವಾದ ಔಷಧವು ಎಣ್ಣೆಯಲ್ಲಿಲ್ಲ, ತಾಳ್ಮೆಯಲ್ಲಿದೆ. ಬೆಳಿಗ್ಗೆ ಇಂಜಿನನ್ನು ಹೊರಡಿಸಿದ ಮೇಲೆ ಐದು ನಿಮಿಷ ನಿಧಾನವಾಗಿ ತಿರುಗಗೊಟ್ಟು, ಲಿಫ್ಟನ್ನು ಬರಿದಾಗಿ ನಾಲ್ಕಾರು ಸಲ ಎತ್ತಿ ಇಳಿಸಿ, ಮೊದಲ ಅರ್ಧ ಮೈಲಿಯನ್ನು ಕೆಳಗಿನ ಗೇರುಗಳಲ್ಲಿ ಹಗುರವಾಗಿ ನಡೆಸಿದರೆ ಎಣ್ಣೆಯು ತನ್ನಷ್ಟಕ್ಕೆ ಕದಡಿಕೊಂಡು ಬೆಚ್ಚಗಾಗುತ್ತ ಬರುವುದು. ಇಂಜಿನು ಬಿಸಿಯಾದುದನ್ನು ಮುಳ್ಳು ತೋರಿಸಿದರೂ ಗೇರ್ ಬಾಕ್ಸು ಇನ್ನೂ ತಣ್ಣಗಿರುವುದೆಂಬುದನ್ನು ನೆನಪಿಡಬೇಕು. ಅದು ಕೆಲಸ ಮಾಡಿಯೇ ಕಾಯಬೇಕು. ಸೀಮೆಎಣ್ಣೆಯನ್ನೋ ಡೀಸೆಲನ್ನೋ ಬೆರೆಸುವುದು ಸರ್ವಥಾ ಕೂಡದು. ಬೆಳಿಗ್ಗೆ ಏಳು ಗಂಟೆಯ ಬಿಗಿತವನ್ನು ನೀಗಲು ಬೆರೆಸಿದ ಆ ತೆಳುವು, ಮಧ್ಯಾಹ್ನ ಉಳುಮೆಯ ಭಾರದಲ್ಲಿ ಕಾದ ಗೇರಿನ ಹಲ್ಲುಗಳ ನಡುವೆ ಪೊರೆಯೇ ನಿಲ್ಲದಂತೆ ಮಾಡುವುದು. ಗೇರ್ ಬಾಕ್ಸಿನ ಕೆಳಗೆ ಹುಲ್ಲಿನ ಬೆಂಕಿ ಹಾಕುವ ಸಾಹಸವನ್ನು, ಒಣಹುಲ್ಲಿನ ಮೆದೆಗಳ ನಡುವೆ, ಯಾವ ಯಜಮಾನರೂ ಕಂಡು ಸುಮ್ಮನಿರಬಾರದು.

ಚಳಿಗಾಲವು ಎಣ್ಣೆಗೆ ಮಾಡುವ ಕೇಡೊಂದಿದೆ. ಅದರ ಮಾತನ್ನು ಯಾರೂ ಎತ್ತುವುದಿಲ್ಲ. ಸಂಜೆಯವರೆಗೆ ದುಡಿದು ಬಿಸಿಯಾದ ಗೇರ್ ಬಾಕ್ಸು ರಾತ್ರಿ ತಣಿಯುವಾಗ ಒಳಗಣ ಗಾಳಿಯು ಕುಗ್ಗಿ, ಉಸಿರುಕೊಳವೆಯ ಮೂಲಕ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುವುದು. ಹುಲ್ಲಿನ ಮೇಲೆ ಇಬ್ಬನಿ ಕೂಡುವಂತೆಯೇ ಆ ತೇವವು ಒಳಗಿನ ತಣ್ಣನೆಯ ಕಬ್ಬಿಣದ ಮೇಲೆ ಹನಿಯಾಗುವುದು. ಹಗಲು ಬಿಸಿಲು, ರಾತ್ರಿ ಮಂಜು ಇರುವ ಮಾಗಿಯಲ್ಲಿ ಇದು ದಿನದಿನವೂ ನಡೆಯುವುದು. ೨೦೦೧ರಲ್ಲಿ ಪೂರ್ತಿಯಾದ ಯಗಚಿಯ ಅಣೆಕಟ್ಟಿನಿಂದಲೂ ಕೆರೆಗಳಿಂದಲೂ ನೀರುಣ್ಣುವ ಗದ್ದೆಗಳಲ್ಲಿ ಕೆಸರುಳುಮೆ ಮಾಡಿದ ಯಂತ್ರಗಳಿಗಾದರೆ ಸವೆದ ಸೀಲುಗಳ ಮೂಲಕ ಮಳೆಗಾಲದಲ್ಲಿಯೇ ನೀರು ಸೇರಿರುವುದುಂಟು. ಅಳತೆಯ ಕಡ್ಡಿಯನ್ನು ಎಳೆದು ನೋಡಿದಾಗ ಎಣ್ಣೆಯು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರಿದೆಯೆಂದೇ ತಿಳಿಯಬೇಕು. ಅಂತಹ ಎಣ್ಣೆಯು ಬೇರಿಂಗುಗಳನ್ನು ತುಕ್ಕುಹಿಡಿಸುವುದಲ್ಲದೆ ಲಿಫ್ಟಿನ ಪಂಪನ್ನೂ ಕೆಡಿಸುವುದು. ಅದನ್ನು ಎಷ್ಟು ಮೊದಲು ಇಳಿಸಿದರೆ ಅಷ್ಟು ಲಾಭ. ಗಂಟೆಗಳ ಲೆಕ್ಕವನ್ನು ಕಾಯಬೇಕಾಗಿಲ್ಲ.

ಇಳಿಸುವಾಗ ಯಂತ್ರವು ಕೆಲಸದಿಂದ ಬಂದು ಬಿಸಿಯಾಗಿರಬೇಕು. ಆಗ ತಳದ ಗಷ್ಟೂ ಎಣ್ಣೆಯೊಡನೆಯೇ ಹೊರಬರುವುದು. ಕೆಳಗಿನ ಬಿರಡೆಯಲ್ಲಿ ಅಯಸ್ಕಾಂತವಿದ್ದರೆ ಅದರ ಮೇಲೆ ಕಾಡಿಗೆಯಂತಹ ನುಣುಪಾದ ಲೋಹದ ಹುಡಿ ಅಂಟಿರುವುದು ಸಹಜ. ಚೂರುಗಳೋ ಹಲ್ಲಿನ ತುಣುಕುಗಳೋ ಕಂಡರೆ ಹೊಸ ಎಣ್ಣೆಯನ್ನು ತುಂಬುವ ಮೊದಲು ಮೆಕ್ಯಾನಿಕ್ಕನ್ನು ಕರೆಯಿಸುವುದು ಯುಕ್ತ.

ಇಷ್ಟೆಲ್ಲವೂ ತಿಳಿದ ಮೇಲೂ ತಪ್ಪು ಎಣ್ಣೆಯೇಕೆ ಬೀಳುತ್ತಿದೆಯೆಂದು ಕೇಳಿದರೆ, ಅದಕ್ಕೆ ಅಜ್ಞಾನಕ್ಕಿಂತ ಜಿಪುಣತನವೇ ಹೆಚ್ಚು ಕಾರಣವೆಂದು ಹೇಳಬೇಕಾಗುವುದು. ಗೇರು, ಲಿಫ್ಟು, ಬ್ರೇಕು ಮೂರೂ ಕೂಡಿದ ಪೆಟ್ಟಿಗೆಯು ಅನೇಕ ಟ್ರ್ಯಾಕ್ಟರುಗಳಲ್ಲಿ ಮೂವತ್ತು ಲೀಟರಿಗೂ ಹೆಚ್ಚು ಹಿಡಿಯುವುದು. ಅಷ್ಟನ್ನು ಒಂದೇ ಸಲ ಕೊಳ್ಳುವುದು ಸಣ್ಣ ಖರ್ಚಲ್ಲ. ಆದ್ದರಿಂದ ಕಡಿಮೆಯಾದಷ್ಟನ್ನು ಮಾತ್ರ, ಕೈಗೆ ಸಿಕ್ಕ ಎಣ್ಣೆಯಿಂದ, ಒಂದು ಸಲ ಅದು ಒಂದು ಸಲ ಇದು ಎಂದು ತುಂಬುತ್ತ ಹೋಗುವರು. ಮೊಹರಿಲ್ಲದ ಡಬ್ಬದಿಂದ ಬಿಡಿಯಾಗಿ ಅಳೆದುಕೊಟ್ಟುದನ್ನು ಅಗ್ಗವೆಂದು ತರುವರು. ಒಂದೆರಡು ವರ್ಷದಲ್ಲಿ ಆ ಪೆಟ್ಟಿಗೆಯೊಳಗೆ ಏನಿದೆಯೆಂಬುದನ್ನು ಯಾರೂ ಹೇಳಲಾರದ ಸ್ಥಿತಿ ಬರುವುದು. ಗೇರ್ ಬಾಕ್ಸು ಒಡೆದರೆ ಅದನ್ನು ಬಿಚ್ಚಿ ಕಟ್ಟುವ ವೆಚ್ಚವು ಎಷ್ಟೋ ಸಲ ಎಣ್ಣೆ ಬದಲಾಯಿಸುವ ವೆಚ್ಚವನ್ನು ಮೀರುವುದು. ಅದಕ್ಕಿಂತಲೂ ಮುಖ್ಯವಾಗಿ, ಒಕ್ಕಣೆಯ ಕಾಲದಲ್ಲಿ ಯಂತ್ರವು ಎಂಟು ಹತ್ತು ದಿನ ಬಿಡಿಭಾಗಕ್ಕೆ ಕಾದು ಹಾಸನದ ಷೆಡ್ಡಿನಲ್ಲಿ ನಿಂತರೆ, ನಿಲ್ಲುವುದು ಒಬ್ಬ ಒಡೆಯರ ಕೆಲಸವಲ್ಲ. ಅದನ್ನು ಬಾಡಿಗೆಗೆ ನಂಬಿದ ಸಣ್ಣ ಹಿಡುವಳಿಯವರ ರಾಗಿಯೂ ಮೆದೆಯಲ್ಲಿಯೇ ಉಳಿಯುವುದು. ಅಕಾಲದ ಒಂದು ಮಳೆ ಬಂದರೆ ಅವರ ವರ್ಷದ ಅನ್ನಕ್ಕೇ ಕುತ್ತಾಗುವುದು.

ಡ್ರೈವರಿನ ವಿಚಾರವನ್ನೂ ಹೇಳದೆ ಬಿಡುವಂತಿಲ್ಲ. ಗೇರ್ ಮುರಿದ ದಿನ ಅವನ ಸಂಬಳದಿಂದ ಮುರಿದುಕೊಳ್ಳುವುದು ಕೆಲವೆಡೆ ರೂಢಿಯಾಗಿದೆ. ಚಳಿಯಲ್ಲಿ ಯಂತ್ರವನ್ನು ಬೆಚ್ಚಗಾಗಲು ಬಿಡದೆ ನಡೆಸಿದನೆಂಬ ಆಕ್ಷೇಪಣೆಯು ಕೆಲವು ವೇಳೆ ನಿಜವೂ ಆಗಿರಬಹುದು. ಆದರೆ ಎಣ್ಣೆಯನ್ನು ಆರಿಸಿದವರು ಯಾರು? ಬೆಳಿಗ್ಗೆ ಐದು ನಿಮಿಷ ಇಂಜಿನು ಬರಿದೆ ತಿರುಗಿದರೆ ಡೀಸೆಲು ಹಾಳೆಂದು ಜಗುಲಿಯಿಂದ ಕೂಗಿದವರು ಯಾರು? ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವರು ಯಾರು? ಇವುಗಳಿಗೆ ಉತ್ತರ ಕೊಡದೆ ದಿನಗೂಲಿಯವನ ಮೇಲೆ ನಷ್ಟವನ್ನು ಹೊರಿಸುವುದು ನ್ಯಾಯವಲ್ಲ. ಇಂತಹ ತಕರಾರುಗಳು ಗ್ರಾಮದ ಹಿರಿಯರ ಮುಂದೆ ಬಂದಾಗ ಅವರು ಮೊದಲು ಅಳತೆಯ ಕಡ್ಡಿಯನ್ನು ಎಳೆಯಿಸಿ ಎಣ್ಣೆಯನ್ನು ನೋಡಿ, ಅದನ್ನು ಕೊಂಡ ರಸೀತಿಯನ್ನು ಕೇಳಿ, ಆಮೇಲೆ ತೀರ್ಮಾನ ಹೇಳುವುದು ಉಚಿತವಾದುದು.

ಗ್ರಾಮಮುಖಂಡರಿಂದ ಆಗಬಹುದಾದ ಕೆಲಸವು ಇನ್ನೂ ಇದೆ. ಒಂದೇ ಜಾತಿಯ ಟ್ರ್ಯಾಕ್ಟರುಗಳುಳ್ಳ ನಾಲ್ಕೈದು ಒಡೆಯರು ಕೂಡಿ ಮೊಹರಾದ ದೊಡ್ಡ ಪೀಪಾಯಿಯೊಂದನ್ನು ತರಿಸಿಕೊಂಡರೆ ಬಿಡಿ ಎಣ್ಣೆಯ ಆಸೆ ತಪ್ಪುವುದು. ಆದರೆ ಪೀಪಾಯಿಯು ಅಗ್ಗವೆಂದು ಬೇರೆ ಜಾತಿಯ ಯಂತ್ರದವರೂ ಅದರಿಂದಲೇ ತುಂಬಿಸಿಕೊಂಡರೆ ಮೊದಲಿಗಿಂತಲೂ ಕೇಡು. ರಾಜ್ಯ ಸರ್ಕಾರವು ೨೦೧೪-೧೫ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಿಂದ ಯಂತ್ರಗಳನ್ನು ತರಿಸುವವರು, ಎಣ್ಣೆಯನ್ನು ಬದಲಾಯಿಸಿದ ದಿನವನ್ನು ಬರೆದಿಟ್ಟ ಪುಸ್ತಕವಿದೆಯೆ ಎಂದು ಕೇಳುವ ಹಕ್ಕುಳ್ಳವರು. ಕೇಳುವವರು ಹೆಚ್ಚಿದಷ್ಟೂ ಬರೆದಿಡುವವರು ಹೆಚ್ಚುವರು. ಮಧ್ಯಪ್ರದೇಶದ ಬುಧ್ನಿಯಲ್ಲಿ ೧೯೫೫ರಲ್ಲಿಯೂ, ನೆರೆಯ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ೧೯೮೩ರಲ್ಲಿಯೂ ಕೇಂದ್ರ ಸರ್ಕಾರವು ವ್ಯವಸಾಯ ಯಂತ್ರಗಳ ತರಬೇತಿ ಮತ್ತು ಪರೀಕ್ಷೆಯ ಸಂಸ್ಥೆಗಳನ್ನು ಸ್ಥಾಪಿಸಿದೆ. ಗ್ರಾಮದ ಚುರುಕಾದ ಯುವಕನೊಬ್ಬನನ್ನು ಅಂತಹ ತರಬೇತಿಗೆ ಕಳುಹಿಸುವ ವೆಚ್ಚವನ್ನು ಜಮೀನುದಾರರು ಹಂಚಿಕೊಂಡರೆ ಅದು ಮುರಿದ ಒಂದು ಕ್ರೌನಿನ ಬೆಲೆಯಲ್ಲಿಯೇ ತೀರಿಹೋದೀತು.

ಇಳಿಸಿದ ಹಳೆಯ ಎಣ್ಣೆಯ ಗತಿಯು ಕೊನೆಯ ಮಾತು. ಹನ್ನೆರಡನೆಯ ಶತಮಾನದ ಹೊಯ್ಸಳ ಶಿಲ್ಪಿಗಳು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ, ಸುತ್ತಲೂ ಪುಟ್ಟ ಗುಡಿಗಳನ್ನಿರಿಸಿದ ಕಲ್ಯಾಣಿಯಿಂದ ಹುಲಿಕೆರೆಗೆ ಹೆಸರಿದೆ. ಯಂತ್ರವನ್ನು ಕೆರೆಯ ದಂಡೆಗೆ ತಂದು ತೊಳೆಯುವುದೂ, ಬಸಿದ ಎಣ್ಣೆಯನ್ನು ಅಲ್ಲಿಯೇ ಕಾಲುವೆಗೆ ಬಿಡುವುದೂ ಈ ಸೀಮೆಯಲ್ಲಿ ಎಲ್ಲಿಯೂ ನಡೆಯಕೂಡದು. ನೀರಿನ ಮೇಲೆ ಹರಡಿದ ಸ್ವಲ್ಪ ಎಣ್ಣೆಯೂ ಬಹಳ ದೂರ ಪೊರೆಗಟ್ಟಿ ದನಗಳು ಕುಡಿಯುವ ನೀರನ್ನು ಕೆಡಿಸುವುದು. ಬಳಸಿದ ಎಣ್ಣೆಯನ್ನು ೨೦೧೬ರ ನಿಯಮಗಳು ಅಪಾಯಕರ ತ್ಯಾಜ್ಯಗಳ ಪಟ್ಟಿಯಲ್ಲಿ ಸೇರಿಸಿವೆ. ಅದನ್ನು ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು, ಹೊಸದನ್ನು ತರಲು ಹಾಸನಕ್ಕೋ ಅರಸೀಕೆರೆಗೋ ಹೋಗುವ ದಿನ, ಪರವಾನಗಿಯುಳ್ಳ ಸಂಗ್ರಾಹಕರಿಗೆ ಒಪ್ಪಿಸಬಹುದು. ಕಾರ್ತಿಕದ ಕೊನೆಯೊಳಗೆ, ರಾಗಿಯ ತೆನೆ ಕಣಕ್ಕೆ ಬರುವ ಮುನ್ನ, ಎಣ್ಣೆಯ ಪರೀಕ್ಷೆಯನ್ನೂ ಬದಲಾವಣೆಯನ್ನೂ ಮುಗಿಸಿ, ತಾರೀಖನ್ನೂ ಎಣ್ಣೆಯ ಗುರುತನ್ನೂ ಗೇರ್ ಬಾಕ್ಸಿನ ಪಕ್ಕದಲ್ಲಿ ಬಣ್ಣದಿಂದ ಬರೆಯಿಸತಕ್ಕದ್ದು; ಮುಂದಿನ ಸಲ ತುಂಬುವವರಿಗೆ ಒಳಗೇನಿದೆಯೆಂಬುದು ಅದರಿಂದಲೇ ತಿಳಿಯುವುದು.